ಎರಿಯ ತಳದಲ್ಲಿ ಕಂಡ ಆಕಾರ

ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ತುಡುವೆ ಜೇನಿನ ಪೆಟ್ಟಿಗೆ ಹೊಸತಲ್ಲ. ಒಮ್ಮೆ ನಮ್ಮನೆ ಪೆಟ್ಟಿಗೆ ತೆಗೆದಾಗ ಎರಿಯ ತುಂಡೊಂದು ಮುರಿದು ಕೈಗೆ ಬಂತು. ಇನ್ನೂ ತುಪ್ಪ ತುಂಬಿರಲಿಲ್ಲ, ಮೇಣ ಬೆಳ್ಳಗಿತ್ತು. ಬಿಸಿಲಿಗೆ ಹಿಡಿದರೆ ಪ್ರತಿ ಕೋಣೆಯ ತಳದಲ್ಲೂ ಮೂರು ಗೆರೆಗಳು ಬಂದು ಕೂಡಿದ್ದು ಕಂಡಿತು. ಒಂದೇ ಕೋಣೆಯ ತಳಕ್ಕೆ, ಗೆರೆಗಳ ನಡುವೆ, ಮೂರು ಗುಂಡುಸೂಜಿ ಚುಚ್ಚಿದೆ. ಹಿಂಬದಿಯಲ್ಲಿ ಅವು ಮೂರು ಬೇರೆ ಬೇರೆ ಕೋಣೆಗಳಲ್ಲಿ ಹೊರಬಂದವು!

ಆರು ಮೂಲೆಯ ವಿಚಾರ ಶಾಲೆಯಲ್ಲೇ ಕಲಿಯುತ್ತೇವೆ. ತಳದ ಸುದ್ದಿ ಯಾರೂ ಎತ್ತುವುದಿಲ್ಲ, ಸ್ವಾರಸ್ಯವೆಲ್ಲ ಇರುವುದು ಅಲ್ಲೇ. ತಳ ಚಪ್ಪಟೆಯಲ್ಲ. ಮೂರು ವಜ್ರಾಕೃತಿಗಳು ಓರೆಯಾಗಿ ಕೂಡಿ ಆದ ಗುಳಿ ಅದು. ಒಂದೊಂದರ ದೊಡ್ಡ ಕೋನ ಸುಮಾರು 109.5 ಡಿಗ್ರಿ. ಅಂಥ ಹನ್ನೆರಡು ವಜ್ರಾಕೃತಿ ಜೋಡಿಸಿದರೆ ರಾಂಬಿಕ್ ಡೋಡೆಕಾಹೆಡ್ರನ್ ಎಂಬ ಘನಾಕೃತಿ ಆಗುತ್ತದೆ. ಇವನ್ನು ಒಂದಕ್ಕೊಂದು ತಾಗಿಸಿ ಇಡುತ್ತ ಹೋದರೆ ನಡುವೆ ಎಳ್ಳಷ್ಟೂ ಸಂದಿ ಉಳಿಯುವುದಿಲ್ಲ. 1611ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಇದೇ ಆಕಾರವನ್ನು ಎರಿಯಲ್ಲೂ, ಸಿಪ್ಪೆಯೊಳಗೆ ಒತ್ತಿಕೊಂಡು ಬೆಳೆದ ದಾಳಿಂಬೆ ಕಾಳುಗಳಲ್ಲೂ ಗುರುತಿಸಿದ. ಇದಕ್ಕಿಂತ ತುಸು ಕಡಿಮೆ ಮೇಣ ಸಾಕಾಗುವ ತಳವೊಂದಿದೆ ಎಂದು ಹಂಗೇರಿಯ ಗಣಿತಜ್ಞ ಫೆಯೆಶ್ ತೋತ್ 1964ರಲ್ಲಿ ತೋರಿಸಿದರು. ಆದರೆ ಉಳಿತಾಯ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಜೇನಿನ ಲೆಕ್ಕ ತಪ್ಪಿತು ಎನ್ನಲು ನನಗಂತೂ ಮನಸ್ಸಿಲ್ಲ.

ಹನ್ನೆರಡು ವಜ್ರಾಕೃತಿಗಳ ಆ ಘನಾಕೃತಿ ಇಂದು ಕಂಪ್ಯೂಟರಿನೊಳಗೂ ಇದೆ. ಪ್ರೋಟೀನಿನ ಚಲನೆ ತಿಳಿಯಲು ವಿಜ್ಞಾನಿಗಳು ಅದನ್ನು ನೀರಿನ ಅಣುಗಳು ತುಂಬಿದ ಕಾಲ್ಪನಿಕ ಪೆಟ್ಟಿಗೆಯಲ್ಲಿ ಇಡುತ್ತಾರೆ. ಗೋಡೆ ಇದ್ದರೆ ಅದಕ್ಕೆ ತಾಗಿದ ನೀರು ನಿಜವಾದ ನೀರಿನಂತೆ ನಡೆದುಕೊಳ್ಳದು. ಹಾಗಾಗಿ ಅದೇ ಪೆಟ್ಟಿಗೆಯ ಪ್ರತಿಗಳು ಸುತ್ತಲೂ ಕೊನೆಯಿಲ್ಲದೆ ಹಬ್ಬಿವೆ ಎಂದು ಭಾವಿಸುತ್ತಾರೆ. ಅಂದಮೇಲೆ ಪೆಟ್ಟಿಗೆ ಸಂದಿ ಬಿಡದೆ ಜಾಗ ತುಂಬುವಂಥದ್ದೇ ಆಗಬೇಕು. ತಿರುಗಿಸದೆ, ಬರೀ ಸರಿಸುತ್ತ ಹೋಗಿ ಹಾಗೆ ತುಂಬಬಲ್ಲ, ಎಲ್ಲೂ ಒಳಕ್ಕೆ ತಗ್ಗಿರದ ಆಕಾರಗಳು ಐದೇ ಬಗೆ ಎಂದು ರಷ್ಯಾದ ಸ್ಫಟಿಕ ವಿಜ್ಞಾನಿ ಫ್ಯೊದರೊವ್ 1885ರಲ್ಲೇ ಕಂಡುಕೊಂಡಿದ್ದರು.

ಪ್ರೋಟೀನ್ ಎತ್ತ ಹೊರಳಿದರೂ ಸುತ್ತ ಒಂದೇ ಸಮ ನೀರಿರಬೇಕು. ಅದಕ್ಕೆ ಗೋಳವೇ ಸರಿ, ಆದರೆ ಗೋಳಗಳ ನಡುವೆ ಸಂದಿ ಬೀಳುತ್ತದೆ. ಚೌಕದ ಪೆಟ್ಟಿಗೆಯಲ್ಲಿ ಮೂಲೆಗಳ ನೀರು ದಂಡ, ಆ ಪ್ರತಿಯೊಂದು ಅಣುವಿನ ಲೆಕ್ಕವನ್ನೂ ಕಂಪ್ಯೂಟರ್ ಮಾಡುತ್ತಲೇ ಇರಬೇಕು. ಎರಿಯ ತಳದಲ್ಲಿ ಸುಳಿವು ಕೊಟ್ಟ ಆ ಹನ್ನೆರಡು ಮುಖಗಳ ಆಕಾರ ಗೋಳಕ್ಕೆ ಹತ್ತಿರ. ಪ್ರೋಟೀನಿಗೂ ಅದರ ಪ್ರತಿಗೂ ನಡುವಿನ ದೂರ ಅಷ್ಟೇ ಇಟ್ಟುಕೊಂಡರೂ ಚೌಕದ ಪೆಟ್ಟಿಗೆಯ ಶೇಕಡಾ 71ರಷ್ಟು ಜಾಗ ಸಾಕು. ತಿಂಗಳುಗಟ್ಟಲೆ ಓಡುವ ಲೆಕ್ಕದಲ್ಲಿ ಇದು ಸಣ್ಣ ಉಳಿತಾಯವಲ್ಲ. ಅಲ್ಲಿ ಒಂದು ವಜ್ರಾಕೃತಿಯ ಮುಖದಿಂದ ಹೊರಬಿದ್ದ ನೀರಿನ ಅಣು ಅದೇ ಕ್ಷಣ ಎದುರು ಮುಖದಿಂದ ಒಳಗೆ ಬರುತ್ತದೆ.