ಕಡ್ಡಿಪುಡಿ: ಬಸುರಿಯ ಸಂಚಿಯಲ್ಲಿರುವ ತಂಬಾಕು

ಸಾರಿನ ಪುಡಿ, ಚಟ್ನಿಪುಡಿ, ಕಡ್ಡಿಪುಡಿ. ಒಂದೇ ಉಸಿರಿನಲ್ಲಿ ಹೇಳಿದರೆ ಮೂರೂ ಅಡುಗೆಮನೆಯ ಡಬ್ಬಿಗಳ ಹೆಸರಿನಂತೆಯೇ ಕೇಳಿಸುತ್ತವೆ. ಮೂರನೆಯದು ಮಾತ್ರ ತಂಬಾಕು. ಗಿಡದ ಕಾಂಡ ಮತ್ತು ಎಲೆಯ ತೊಟ್ಟುಗಳನ್ನು ಒಣಗಿಸಿ ಕುಟ್ಟಿದ್ದು. ಕಡ್ಡಿಯಿಂದ ಬಂದ ಪುಡಿಯಾದ್ದರಿಂದ ಈ ಹೆಸರು. ಎಲೆಯನ್ನು ಒಣಗಿಸಿದರೆ ಅದು ಹೊಗೆಸೊಪ್ಪು. ಹೆಸರಿನಲ್ಲಿ ಹೊಗೆಯಿದ್ದರೂ ಹಳ್ಳಿಯ ಹೆಂಗಸರು ಅದನ್ನು ಸೇದುವುದಕ್ಕಿಂತ ಎಲೆ ಅಡಿಕೆಯ ಜೊತೆ ಜಗಿಯುವುದೇ ಹೆಚ್ಚು.

ಈ ಮನೆಮಾತಿನ ಸಲಿಗೆಯೇ ನನಗೆ ಆತಂಕ ತರುತ್ತದೆ. "ಬೀಡಿ, ಸಿಗರೇಟು, ಕುಡಿತದ ಚಟ ಇದೆಯೇನಮ್ಮ?" ಎಂದು ಬಸುರಿಯನ್ನು ಕೇಳಿದರೆ "ಇಲ್ಲ" ಎನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಚಟವೆಂಬುದು ಗಂಡಸರಿಗೆ ಅಂಟುವ ಮಾತು. ತನ್ನದು ಬರೀ ಎಲೆ ಅಡಿಕೆ. ತಾಯಿ ಕಾರ್ಡ್ ತುಂಬುವವರು "ಎಲೆ ಅಡಿಕೆಗೆ ಏನೇನು ಸೇರಿಸುತ್ತೀಯಮ್ಮ?" ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ಜಗಿಯುವ ತಂಬಾಕಿನಲ್ಲಿ ಹೊಗೆಯಿಲ್ಲ, ಆದರೆ ನಿಕೋಟಿನ್ ಇದೆ. ಎಲೆಗೆ ಸವರಿದ ಸುಣ್ಣದ ಕ್ಷಾರದಿಂದಾಗಿ ಅದು ಬಾಯಿಯ ಒಳಪೊರೆಯ ಮೂಲಕ ಬೇಗನೆ ರಕ್ತ ಸೇರುತ್ತದೆ. ಅಲ್ಲಿಂದ ಹೊಕ್ಕುಳಬಳ್ಳಿಯ ದಾರಿ ದೂರವಿಲ್ಲ. ನಿಕೋಟಿನ್ ಗರ್ಭಕೋಶದ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮಗುವಿಗೆ ಸಿಗಬೇಕಾದ ಆಮ್ಲಜನಕವೂ ಆಹಾರವೂ ಕಡಿಮೆಯಾಗುತ್ತವೆ. ಮುಂಬಯಿಯಲ್ಲಿ 1,217 ಗರ್ಭಿಣಿಯರನ್ನು ಹಿಂಬಾಲಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೊಗೆರಹಿತ ತಂಬಾಕು ಬಳಸಿದವರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು. ರಕ್ತಹೀನತೆಯಿರುವ ತಾಯಿಯ ಹೊಟ್ಟೆಯಲ್ಲಿ ಎರಡೂವರೆ ಕಿಲೋ ಮುಟ್ಟಲು ಹೆಣಗುತ್ತಿರುವ ಕೂಸಿಗೆ ನೂರು ಗ್ರಾಂ ದೊಡ್ಡ ಮಾತು. ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವ, ಮಗು ಹೊಟ್ಟೆಯಲ್ಲೇ ಸಾಯುವ ಅಪಾಯವೂ ಹೆಚ್ಚು. ಹೆತ್ತ ಮೇಲೂ ಬಿಡದಿದ್ದರೆ ನಿಕೋಟಿನ್ ಎದೆಹಾಲಿಗೂ ಇಳಿಯುತ್ತದೆ.

ತೂಕ ಕಡಿಮೆಯ ಕೂಸು ಬಂದ ಮನೆಯ ಪಾಡು ಕಂಡವರಿಗೇ ಗೊತ್ತು. ಆಸ್ಪತ್ರೆಯ ಓಡಾಟ, ಗಂಡನ ಕೂಲಿ ತಪ್ಪಿದ ದಿನಗಳು, ಹಾಲು ಚೀಪಲು ಶಕ್ತಿಯಿಲ್ಲದ ಮಗುವನ್ನು ಎದೆಗವಚಿಕೊಂಡು ಕಳೆಯುವ ರಾತ್ರಿಗಳು. ಕೊನೆಗೆ ದೂರೆಲ್ಲ ಬಾಣಂತಿಯ ತಲೆಗೇ. ಆ ಸಂಚಿ ಅವಳೊಬ್ಬಳದಾಗಿತ್ತೇ? ಊಟವಾದ ಮೇಲೆ ಅತ್ತೆ ಬಿಚ್ಚಿದ್ದು, ಗದ್ದೆಯಲ್ಲಿ ಜೊತೆಗಾತಿಯರು ಹಂಚಿದ್ದು, ವಾಕರಿಕೆಗೆ ಒಳ್ಳೆಯದೆಂದು ಯಾರೋ ಹಿರಿಯರು ಬಾಯಿಗೆ ಹಾಕಿಸಿದ್ದು. ಹಸಿವನ್ನು ಮುಚ್ಚಿಡಲು ಜಗಿದದ್ದೂ ಇದ್ದೀತು.

ತಾಂಬೂಲ ನಮ್ಮ ಸಂಪ್ರದಾಯವಲ್ಲವೇ ಎನ್ನುವವರುಂಟು. ವೀಳ್ಯದೆಲೆ ಅಡಿಕೆ ಬಹಳ ಹಳೆಯವು, ನಿಜ. ತಂಬಾಕು ಪೋರ್ಚುಗೀಸರ ಹಡಗಿನಲ್ಲಿ ಬಂದು ಸುಮಾರು ನಾನೂರು ವರ್ಷಗಳಷ್ಟೇ ಆಗಿವೆ. ಸೀಮಂತದ ತಟ್ಟೆಯಲ್ಲಿ ಅದಕ್ಕೆ ಇಂದಿಗೂ ಜಾಗವಿಲ್ಲ. (ಅಡಿಕೆಯೂ ಬಸುರಿಯರಿಗೆ ನಿರಪಾಯವಲ್ಲ, ಅದು ಬೇರೆಯೇ ಬರೆಯಬೇಕಾದ ವಿಷಯ.)

ಬಿಟ್ಟ ಮೊದಲ ವಾರಗಳಲ್ಲಿ ತಲೆನೋವು, ಸಿಡಿಮಿಡಿ, ನಿದ್ದೆ ಬಾರದಿರುವುದು ಸಹಜ. ಅದನ್ನು ಸೊಸೆಯ ಕೊಬ್ಬೆಂದು ಎಣಿಸದೆ, ಆ ಕೆಲವು ತಿಂಗಳು ಮನೆಯವರೂ ಸಂಚಿಯನ್ನು ಅವಳ ಕಣ್ಣಿಗೆ ಬೀಳದಂತೆ ಎತ್ತಿಟ್ಟರೆ ಬಿಡುವುದು ಹಗುರವಾಗುತ್ತದೆ. ಎಷ್ಟನೇ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಲಾಭವಿದೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿಯ ಸಂಖ್ಯೆ 1800-11-2356.