ಒಂಬತ್ತು ಮ್ಯಾಚ್ ಪುಕ್ಕಟೆ, ಹತ್ತನೆಯದಕ್ಕೆ ಬಿಲ್: 95ನೇ ಪರ್ಸೆಂಟೈಲ್ ಲೆಕ್ಕ

ಲೆಕ್ಕಕ್ಕೊಂದು ಕಂಪನಿ ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರ, ನವನಗರದ ಮನೆಗಳಿಗೆ ಫೈಬರ್ ಕೊಡುತ್ತದೆ, ಬೆಂಗಳೂರಿನ ಕಡೆಗೆ ಒಂದು ಅಪ್‌ಸ್ಟ್ರೀಮ್ ಲಿಂಕ್ (ಹೊರಗಿನ ಇಂಟರ್ನೆಟ್ಟಿಗೆ ಜೋಡಿಸುವ ಸಂಪರ್ಕ) ಕೊಂಡಿದೆ. ಆ ಲಿಂಕಿನ ಬಿಲ್ 95ನೇ ಪರ್ಸೆಂಟೈಲ್ ಲೆಕ್ಕದಲ್ಲಿ ಬರುತ್ತದೆ ಅಂದುಕೊಳ್ಳಿ. ಅದು ಹೇಗೆ?

ಅಳತೆ ಸರಳ. ರೂಟರ್‌ನ ಬೈಟ್ ಕೌಂಟರನ್ನು ಎಸ್‌ಎನ್‌ಎಂಪಿ (ಜಾಲದ ಉಪಕರಣಗಳಿಂದ ಅಂಕಿ ಕೇಳಿ ಪಡೆಯುವ ವಿಧಾನ) ಮೂಲಕ 300 ಸೆಕೆಂಡಿಗೊಮ್ಮೆ ಓದಿ, ಹಿಂದಿನ ಓದು ಕಳೆದು, ಬಿಟ್ ಆಗಲೆಂದು 8ರಿಂದ ಗುಣಿಸಿ, 300ರಿಂದ ಭಾಗಿಸುವುದು. ವ್ಯತ್ಯಾಸ 225 ಜಿಬಿ ಬಂದರೆ ಸರಾಸರಿ 6 ಜಿಬಿಪಿಎಸ್ (ಸೆಕೆಂಡಿಗೆ 6 ಗಿಗಾಬಿಟ್). 64 ಬಿಟ್ ಕೌಂಟರನ್ನೇ ಓದಿ. 32 ಬಿಟ್‌ನದು 1 ಜಿಬಿಪಿಎಸ್‌ನಲ್ಲಿ ಸುಮಾರು 34 ಸೆಕೆಂಡಿಗೇ ತುಂಬಿ ಸೊನ್ನೆಗೆ ಬರುತ್ತದೆ, ಗ್ರಾಫ್ ಸುಳ್ಳು ಹೇಳುತ್ತದೆ.

ಎಡವುವುದು ಇಲ್ಲೇ ನೋಡ್ರಿ. 95ನೇ ಪರ್ಸೆಂಟೈಲ್ ಅಂದರೆ ಗರಿಷ್ಠದ 95% ಅಲ್ಲ. ಸರಾಸರಿಯೂ ಅಲ್ಲ. ದಿನಕ್ಕೆ 288 ಓದು, 30 ದಿನಕ್ಕೆ 8,640. ಎಲ್ಲವನ್ನೂ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ನಿಲ್ಲಿಸಿ. ಮೇಲಿನ 5%, ಅಂದರೆ 432 ಓದು, ತೆಗೆದುಹಾಕಿ. 433ನೆಯದು ಎಷ್ಟೋ ಅದೇ ಬಿಲ್ಲಿಗೆ ಹಿಡಿಯುವ ವೇಗ. 432 ಓದು ಅಂದರೆ 36 ಗಂಟೆ. ತಿಂಗಳಲ್ಲಿ 36 ಗಂಟೆ ಎಷ್ಟೇ ಉಕ್ಕಿದರೂ ಮಾಫಿ, ಅವು ಒಟ್ಟಿಗೇ ಬಂದರೂ ಚದುರಿ ಬಂದರೂ ಸರಿ.

ಈಗ ಕ್ರಿಕೆಟ್ ಸೇರಿಸಿ. ದಿನಾಲೂ ಸಂಜೆ 4 ಗಂಟೆ ಕಾಲ 6 ಜಿಬಿಪಿಎಸ್, ಮ್ಯಾಚ್ ಇದ್ದ ಸಂಜೆ ಅದೇ 4 ಗಂಟೆ ಕಾಲ 9 ಜಿಬಿಪಿಎಸ್. ಒಂದು ಮ್ಯಾಚಿಗೆ 48 ಓದು. 9 ಮ್ಯಾಚಿಗೆ ಸರಿಯಾಗಿ 432: ಎಲ್ಲ ಕಿತ್ತುಹೋಯಿತು, 433ನೆಯದು 6, ಬಿಲ್ 6ಕ್ಕೆ. ಹತ್ತನೇ ಮ್ಯಾಚಿನ ಮೊದಲ ಐದು ನಿಮಿಷ ದಾಟಿದರೆ 433ನೇ ಓದೂ 9. ಇಡೀ ತಿಂಗಳಿಗೆ ಒಂದೂವರೆ ಪಟ್ಟು ಬಿಲ್! ನಡುವೆ ಮೆಟ್ಟಿಲೇ ಇಲ್ಲ, ನೇರ ಗೋಡೆ. (ಸಾಮಾನ್ಯವಾಗಿ ಒಳ, ಹೊರ ದಿಕ್ಕಿಗೆ ಬೇರೆ ಬೇರೆ ಲೆಕ್ಕ ಹಾಕಿ ದೊಡ್ಡದನ್ನು ಹಿಡಿಯುತ್ತಾರೆ. ವಿಡಿಯೊದಲ್ಲಿ ಅದು ಒಳಬರುವುದೇ.)

ಆ 9 ಯಾರದು? ಫ್ಲೋ ದಾಖಲೆ (ಯಾವ ವಿಳಾಸದಿಂದ ಯಾವುದಕ್ಕೆ ಎಷ್ಟು ಬೈಟ್ ಹೋಯಿತು ಎಂಬ ಪಟ್ಟಿ) ನೋಡಬೇಕು. ಅದರಲ್ಲಿ ಪ್ರತಿ ಜಾಲಕ್ಕೂ ಒಂದು ಎಎಸ್ ಸಂಖ್ಯೆ: ಎಎಸ್ 15169 ಗೂಗಲ್, 2906 ನೆಟ್‌ಫ್ಲಿಕ್ಸ್. ಆದರೆ ಇವರು ಸಾಕಷ್ಟು ದಟ್ಟಣೆ ಇರುವ ಕಂಪನಿಯೊಳಗೇ ಕ್ಯಾಶ್ ಸರ್ವರ್ (ವಿಡಿಯೊದ ಪ್ರತಿ ಇಟ್ಟುಕೊಂಡು ಹತ್ತಿರದಿಂದಲೇ ಹಂಚುವ ಯಂತ್ರ) ಇಡುತ್ತಾರೆ, ಅದಕ್ಕೆ ಕಂಪನಿಯದೇ ಐಪಿ ವಿಳಾಸ. ಹಾಗಾಗಿ ವರದಿಯಲ್ಲಿ ಆ ವಿಡಿಯೊ "ನಮ್ಮದೇ" ಅಂತ ಕಾಣುತ್ತದೆ. ಕ್ಯಾಶ್ ಪೋರ್ಟನ್ನು ಬೇರೆಯಾಗಿಯೇ ಅಳೆಯಿರಿ. ವಿಡಿಯೊ ಗೂಢಲಿಪಿಯಲ್ಲಿ ಬರುವುದರಿಂದ ರೆಸಲ್ಯೂಶನ್ ಕಾಣದು. ಯೂಟ್ಯೂಬ್‌ನ ದೊಡ್ಡ ಪಾಲು ಬರುವುದು ಕ್ವಿಕ್ ಎಂಬ ಸಾಗಣೆ ವಿಧಾನದಲ್ಲಿ, ಅಂದರೆ ಯುಡಿಪಿಯ 443ನೇ ಪೋರ್ಟಿನಲ್ಲಿ. ಹಳೆಯ ವಿಧಾನವಾದ ಟಿಸಿಪಿ ಮಾತ್ರ ಎಣಿಸಿದರೆ ಅರ್ಧ ಕಥೆ.

ನಿಭಾಯಿಸುವುದಕ್ಕೆ ಒಳ್ಳೆಯ ದಾರಿ ಕ್ಯಾಶ್. ಲೈವ್ ಮ್ಯಾಚೂ ಕ್ಯಾಶ್ ಮೂಲಕ ಹೋದರೆ ಬೆಂಗಳೂರಿನಿಂದ ಪ್ರತಿ ಗುಣಮಟ್ಟಕ್ಕೆ ಒಂದೇ ಪ್ರತಿ ಬರುತ್ತದೆ, ಹಂಚಿಕೆ ಹುಬ್ಬಳ್ಳಿಯಲ್ಲೇ. ವಿಡಿಯೊವನ್ನು ಮಾತ್ರ ಹಿಡಿದು ನಿಧಾನ ಮಾಡುವುದು 2018ರ ನೆಟ್ ನ್ಯೂಟ್ರಾಲಿಟಿ ನಿಯಮಗಳಿಗೆ ವಿರುದ್ಧ. ಪ್ಲಾನಿನ ಮಿತಿ ಮುಗಿದ ಮೇಲೆ ಎಲ್ಲಕ್ಕೂ ಸಮನಾಗಿ ವೇಗ ಇಳಿಸಬಹುದು. ಇಳಿಸುವಾಗ ಪೊಲೀಸಿಂಗ್ ಬೇಡ, ಶೇಪಿಂಗ್ ಹಾಕಿ: ಮೊದಲನೆಯದು ಹೆಚ್ಚಾದ ಪ್ಯಾಕೆಟ್ ಎಸೆಯುತ್ತದೆ, ಎರಡನೆಯದು ಸಾಲಿನಲ್ಲಿ ನಿಲ್ಲಿಸುತ್ತದೆ.

ಗ್ರಾಫ್ ಲಿಂಕ್ 60% ಮಾತ್ರ ತುಂಬಿದೆ ಎಂದು ತೋರಿಸುತ್ತಿದ್ದರೂ ಗ್ರಾಹಕರ ಪರದೆಯಲ್ಲಿ ಚಕ್ರ ತಿರುಗುತ್ತಿದೆಯೇ? ಪ್ಲೇಯರ್ ಕೆಲವು ಸೆಕೆಂಡಿನ ತುಣುಕನ್ನು ಪೂರ್ತಿ ವೇಗದಲ್ಲಿ ಎಳೆದು ಸುಮ್ಮನಾಗುತ್ತದೆ. ಐದು ನಿಮಿಷದ ಸರಾಸರಿಯಲ್ಲಿ ಆ ಉಬ್ಬು ಕಾಣದು. ಪೋರ್ಟಿನ ಡ್ರಾಪ್ ಕೌಂಟರ್ (ಎಸೆದ ಪ್ಯಾಕೆಟ್‌ಗಳ ಎಣಿಕೆ) ನೋಡಿ, ಆ ಸಂಜೆಯ ಮಟ್ಟಿಗೆ 10 ಸೆಕೆಂಡಿಗೊಮ್ಮೆ ಓದಿ.