ಹಲ್ಲು ಕಟ್ಟುವವರಿಗೂ ಒಂದು ಸಂಘ ಇದೆ, ಅದರಿಂದ ನಿಮಗೇನು ಲಾಭ?

ಹಲ್ಲು ಸೆಟ್ ಅಲ್ಲಾಡುತ್ತದೆ, ಡಾಕ್ಟ್ರು ಸರಿಯಾಗಿ ಮಾಡಿಕೊಟ್ಟಿಲ್ಲ, ನಿಮ್ಮ ಸಂಘಕ್ಕೆ ಒಂದು ದೂರು ಬರೆಯಲಾ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಬರೆಯಬಹುದು, ಆದರೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ನಮ್ಮದು ಇಂಡಿಯನ್ ಪ್ರೊಸ್ಥೊಡಾಂಟಿಕ್ ಸೊಸೈಟಿ, ಅಂದರೆ ಹಲ್ಲು ಕಟ್ಟುವ ತಜ್ಞರ ಸಂಘ. ನಮ್ಮ ನಮ್ಮಲ್ಲಿ ಅದನ್ನು ಐಪಿಎಸ್ ಅಂತೀವಿ. ಪಕ್ಕದಲ್ಲಿ ಕೂತು ಕೇಳಿಸಿಕೊಂಡವರು ಪೊಲೀಸರು ಅಂದುಕೊಂಡರೆ ತಪ್ಪಿಲ್ಲ, ಆದರೆ ಈ ಐಪಿಎಸ್ ಕೈಯಲ್ಲಿ ಲಾಠಿ ಇಲ್ಲ. ದಂತವೈದ್ಯರ ನೋಂದಣಿ, ಅವರ ಮೇಲಿನ ದೂರು, ಇದೆಲ್ಲ ರಾಜ್ಯ ದಂತ ವೈದ್ಯಕೀಯ ಪರಿಷತ್ತಿಗೆ ಸೇರಿದ್ದು. ದುಡ್ಡಿನ ವಿಷಯವಾದರೆ ಗ್ರಾಹಕರ ಆಯೋಗ ಇದೆ.

ಹಾಗಾದರೆ ಸಂಘ ಯಾಕೆ ಬೇಕು?

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇನೆ. ದಂತವೈದ್ಯರ ಮೊದಲ ಪದವಿ ಬಿಡಿಎಸ್ ಮುಗಿಸಿದ ಮೇಲೆ ಮೂರು ವರ್ಷ ಎಂಡಿಎಸ್ ಅನ್ನುವ ಸ್ನಾತಕೋತ್ತರ ಪದವಿ ಓದಬೇಕು. ಅದರಲ್ಲಿ ಒಂಬತ್ತು ವಿಭಾಗಗಳಿವೆ, ನಮ್ಮದು ಪ್ರೊಸ್ಥೊಡಾಂಟಿಕ್ಸ್. ಕ್ಯಾಪು, ಬ್ರಿಡ್ಜು, ತೆಗೆದು ಹಾಕುವ ಹಲ್ಲು ಸೆಟ್ಟು, ಇಂಪ್ಲಾಂಟ್ (ದವಡೆ ಮೂಳೆಯೊಳಗೆ ಕೂರಿಸುವ ಲೋಹದ ತಿರುಪು) ಮೇಲಿನ ಹಲ್ಲು, ಕ್ಯಾನ್ಸರ್ ಆಪರೇಷನ್ನಿನಲ್ಲಿ ಕಳೆದುಹೋದ ಅಂಗುಳ, ಕಿವಿ, ಕಣ್ಣು, ಮೂಗು ಕೂಡ ನಮ್ಮ ಪಾಲಿಗೇ ಬರುತ್ತವೆ. ಈ ಓದು ಓದಿದವರ ಸಂಘ ಇದು. ರಾಜ್ಯಗಳಲ್ಲಿ ಶಾಖೆಗಳಿವೆ, ವರ್ಷಕ್ಕೊಂದು ಸಮ್ಮೇಳನ ಇದೆ, ಓದುತ್ತಿರುವ ಹುಡುಗ ಹುಡುಗಿಯರಿಗೆ ಬೇರೆಯದೇ ಸಮಾವೇಶ ಇದೆ, ಒಂದು ಜರ್ನಲ್ ಇದೆ. ಬೋರು ಹೊಡೆಸುವ ವಿಷಯ, ಅಲ್ವಾ? ಆದರೆ ನಿಮ್ಮ ಬಾಯಿಗೆ ಬರುವ ಸೆಟ್ ಹೇಗಿರಬೇಕು ಅನ್ನುವುದು ಇಂಥ ಬೋರು ಜಾಗಗಳಲ್ಲೇ ತೀರ್ಮಾನವಾಗುವುದು.

ಇಂಥ ಸಂಘಗಳು ಇವತ್ತು ನಿನ್ನೆಯವಲ್ಲ. ಈಗ ಅಕಾಡೆಮಿ ಆಫ್ ಪ್ರೊಸ್ಥೊಡಾಂಟಿಕ್ಸ್ ಅನ್ನುವ ಸಂಸ್ಥೆ ಅಮೆರಿಕದಲ್ಲಿ ಶುರುವಾಗಿದ್ದು 1918ರಲ್ಲಿ. ಅವರು 1956ರಲ್ಲಿ ನಮ್ಮ ಕಸುಬಿನ ಶಬ್ದಗಳದ್ದೇ ಒಂದು ಕೋಶ ಪ್ರಕಟಿಸಿದರು. ಅದು 2023ಕ್ಕೆ ಹತ್ತನೇ ಆವೃತ್ತಿಗೆ ಬಂದಿದೆ, ನಮ್ಮ ಕಾಲೇಜುಗಳಲ್ಲೂ ವಿದ್ಯಾರ್ಥಿಗಳು ಉರು ಹೊಡೆಯುವುದು ಅದನ್ನೇ. 1970ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಪ್ರೊಸ್ಥೊಡಾಂಟಿಸ್ಟ್ಸ್ ಬಂತು. ಇವರು 1999ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು: ಬೊಚ್ಚು ಬಾಯಿಯನ್ನು ನಾಲ್ಕು ದರ್ಜೆ ಮಾಡಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಲ್ಲು ಪೂರ್ತಿ ಹೋದವರೆಲ್ಲ ಒಂದೇ ಥರ ಅಂತ ಜನ ತಿಳಿದಿರುತ್ತಾರೆ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ಮೂಳೆಗೆ ಕೆಲಸವಿಲ್ಲ, ಅದು ವರ್ಷ ವರ್ಷವೂ ಸವೆಯುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಅನ್ನುವ ಸಂಶೋಧಕಿ ಸೆಟ್ ಹಾಕಿಕೊಂಡವರನ್ನು 25 ವರ್ಷ ಹಿಂಬಾಲಿಸಿ ಎಕ್ಸ್‌ರೇ ತೆಗೆದು, ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಸವೆಯುತ್ತದೆ ಅಂತ 1972ರಲ್ಲೇ ತೋರಿಸಿದರು. ಮೇಲಿನ ಸೆಟ್ ಗಟ್ಟಿ ಕೂತು ಕೆಳಗಿನದು ಮಾತ್ರ ಈಜಾಡುವುದಕ್ಕೆ ಇದೂ ಒಂದು ಕಾರಣ. ನಾಲಿಗೆ ಬೇರೆ ಅದನ್ನು ಸುಮ್ನೆ ಇರಲು ಬಿಡುವುದಿಲ್ಲ. ಅಮೆರಿಕದವರ ದರ್ಜೆಯಲ್ಲಿ ಕೆಳದವಡೆಯ ಮೂಳೆ ಎಕ್ಸ್‌ರೇಯಲ್ಲಿ 21 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಮೊದಲನೆಯದು, 10 ಅಥವಾ ಕಡಿಮೆ ಇದ್ದರೆ ನಾಲ್ಕನೆಯದು, ಉಳಿದವು ನಡುವೆ. ಅಂಗುಳದ ಆಕಾರ, ಎರಡು ದವಡೆಗಳ ಹೊಂದಾಣಿಕೆ ಇವನ್ನೂ ನೋಡುತ್ತಾರೆ. ಒಂದನೇ ದರ್ಜೆಯ ಬಾಯಿಗೆ ಯಾವ ದಂತವೈದ್ಯರಾದರೂ ಒಳ್ಳೆಯ ಸೆಟ್ ಮಾಡಬಹುದು. ನಾಲ್ಕನೇ ದರ್ಜೆಯ ಬಾಯಿಗೆ ನಾನು ಮಾಡಿದರೂ ಕಷ್ಟವೇ. ಪಕ್ಕದ ಮನೆಯವರು ಸೆಟ್ಟಿನಲ್ಲಿ ಚಕ್ಕುಲಿ ಕಡಿಯುತ್ತಾರೆ, ನನಗೆ ಚಪಾತಿಯೂ ಆಗಲ್ಲ ಅಂತ ಕೊರಗುವ ಮುಂಚೆ ಇದು ಗೊತ್ತಿರಬೇಕು.

ಇನ್ನೊಂದು ಉದಾಹರಣೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ತಜ್ಞರು ಕೂತು ಒಂದು ಹೇಳಿಕೆ ಹೊರಡಿಸಿದರು: ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಬರೀ ಸೆಟ್ ಅಲ್ಲ, ಎರಡು ಇಂಪ್ಲಾಂಟ್ ಹಾಕಿ ಅದಕ್ಕೆ ಗುಂಡಿಯಂತೆ ಸಿಕ್ಕಿಸುವ ಸೆಟ್. 2009ರಲ್ಲಿ ಬ್ರಿಟನ್ನಿನ ನಮ್ಮಂಥದ್ದೇ ಸಂಘದವರು ಯಾರ್ಕ್ ಪಟ್ಟಣದಲ್ಲಿ ಅದನ್ನೇ ಎತ್ತಿಹಿಡಿದರು. ವೈದ್ಯಕೀಯವಾಗಿ ನನಗೆ ಇದರಲ್ಲಿ ತಕರಾರಿಲ್ಲ. ಆದರೆ ಪಿಂಚಣಿ ನಂಬಿ ಬದುಕುವ ಅಜ್ಜಿಗೆ ಎರಡು ಇಂಪ್ಲಾಂಟ್ ಅಂದರೆ ತಿಂಗಳುಗಟ್ಟಲೆಯ ಖರ್ಚು, ಅಲ್ಲಿಯ ತೀರ್ಮಾನವನ್ನು ಇಲ್ಲಿ ಹಾಗೇ ಇಳಿಸಲಾಗದು. ಯಾವ ದೇಶದ ಸಮ್ಮೇಳನ ನೋಡಿದರೂ ವೇದಿಕೆ ತುಂಬ ಇಂಪ್ಲಾಂಟು, ಸ್ಕ್ಯಾನರು. ಮಾಮೂಲಿ ಸೆಟ್ಟಿನ ಬಗ್ಗೆ ಮಾತಾಡುವವರಿಗೆ ಊಟದ ನಂತರದ ಹೊತ್ತು ಸಿಗುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ.

ಯಾಕೆಂದರೆ ಮಾಮೂಲಿ ಸೆಟ್ಟಿನಲ್ಲೇ ಕಸುಬು ಇರುವುದು. ಅಚ್ಚು ಎರಡು ಸಲ ತೆಗೆಯಬೇಕು, ಮೊದಲನೆಯದು ಅಂದಾಜಿಗೆ, ಎರಡನೆಯದು ನಿಮ್ಮ ಬಾಯಿಗೇ ಅಂತ ಮಾಡಿಸಿದ ಟ್ರೇಯಲ್ಲಿ. ಆಮೇಲೆ ಎತ್ತರದ ಅಳತೆ, ಅಂದರೆ ಹಲ್ಲು ಕಚ್ಚಿದಾಗ ಮೂಗಿಗೂ ಗದ್ದಕ್ಕೂ ಎಷ್ಟು ದೂರ ಇರಬೇಕು ಅನ್ನುವುದು. ಮೇಣದ ಪಟ್ಟಿಗಳನ್ನು ಬಾಯಲ್ಲಿಟ್ಟು, ಮೂಗಿನ ತುದಿಗೊಂದು ಗದ್ದಕ್ಕೊಂದು ಚುಕ್ಕೆ ಇಟ್ಟು, ‘ಅಮ್ಮ’ ಅನ್ನಿ ಅಂತೀವಿ. ಮಕಾರಕ್ಕೆ ತುಟಿ ಮುಚ್ಚಿ ದವಡೆ ಆರಾಮಾಗಿ ನಿಲ್ಲುತ್ತದೆ, ಆಗ ಮೇಲೆ ಕೆಳಗೆ ತಾಗದೆ 2ರಿಂದ 4 ಮಿಲಿಮೀಟರ್ ಜಾಗ ಉಳಿಯಬೇಕು. ಆಮೇಲೆ ‘ಸಾಸಿವೆ’ ಅನ್ನಿಸುತ್ತೇವೆ. ಸಕಾರಕ್ಕೆ ಟಕ್ ಅಂದರೆ ಎತ್ತರ ಜಾಸ್ತಿಯಾಗಿದೆ ಅಂತ ಅರ್ಥ. ಹಾಗೇ ಬಿಟ್ಟರೆ ಒಸಡು ಹುಣ್ಣಾಗುತ್ತದೆ, ಸಂಜೆಗೆ ದವಡೆ ನೋಯುತ್ತದೆ. ಎತ್ತರ ಕಡಿಮೆಯಾದರೆ ಗದ್ದ ಮೂಗಿನ ಹತ್ತಿರ ಬಂದು ಮುಖ ಇನ್ನೂ ಹತ್ತು ವರ್ಷ ಮುದಿಯಾಗುತ್ತದೆ, ಬಾಯಿಯ ಮೂಲೆ ಒಡೆಯುತ್ತದೆ. ಇದಕ್ಕೆಲ್ಲ ಒಂದು ಭೇಟಿ ಪೂರ್ತಿ ಬೇಕು. ಒಂದೇ ದಿನದಲ್ಲಿ ಸೆಟ್ ಅನ್ನುವವರು ಇದರಲ್ಲಿ ಯಾವ ಹಂತ ಬಿಟ್ಟಿದ್ದಾರೆ ಅಂತ ಕೇಳಿ ನೋಡಿ.

ಹಂತ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಹಳೆಯ ಪುಸ್ತಕಗಳಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ಮೇಲಿನ ಸೆಟ್ ನಿಲ್ಲದಿದ್ದಾಗ ಅದರ ಒಳಗೆ ಒಂದು ರಬ್ಬರ್ ಬಿಲ್ಲೆ ಕೂರಿಸಿ ಅಂಗುಳಕ್ಕೆ ಅಂಟಿಸುವ ಉಪಾಯ. ಗಟ್ಟಿ ಹಿಡಿಯುತ್ತದೆ ನಿಜ. ಆದರೆ ಆ ಬಿಲ್ಲೆ ಹಗಲೂ ರಾತ್ರಿ ಒಂದೇ ಜಾಗವನ್ನು ಹೀರುತ್ತಾ ಹೀರುತ್ತಾ, ಮೊದಲು ಅಲ್ಲಿ ಮಾಂಸ ಉಬ್ಬುತ್ತದೆ, ಕೊನೆಗೆ ಅಂಗುಳವೇ ತೂತಾಗಿ ಕುಡಿದ ನೀರು ಮೂಗಿಗೆ ಬಂದ ಉದಾಹರಣೆಗಳಿವೆ. ಯಾರದಾದರೂ ಮನೆಯಲ್ಲಿ ಅಂಥ ಸೆಟ್ ಇನ್ನೂ ಇದ್ದರೆ ದಯವಿಟ್ಟು ತೋರಿಸಿ.

ಅಂಗುಳದ ತೂತು ಅಂದಾಗ 2021 ನೆನಪಾಗುತ್ತದೆ. ಕೊರೊನಾ ಎರಡನೇ ಅಲೆಯ ಹಿಂದೆಯೇ ಬ್ಲ್ಯಾಕ್ ಫಂಗಸ್ ಬಂತು. ಜೀವ ಉಳಿಸಲು ಸರ್ಜನ್‌ಗಳು ಅನೇಕರ ಮೇಲ್ದವಡೆ ತೆಗೆಯಬೇಕಾಯಿತು. ಬದುಕಿದವರು ಆಮೇಲೆ ನಮ್ಮ ವಿಭಾಗಗಳಿಗೆ ಬಂದರು. ಅಂಗುಳ ಇಲ್ಲದವರು ‘ಅಪ್ಪ’ ಅಂದರೆ ನಮಗೆ ‘ಅಮ್ಮ’ ಅಂತ ಕೇಳಿಸುತ್ತದೆ, ಗಾಳಿಯೆಲ್ಲ ಮೂಗಿಗೆ ಹೋಗಿಬಿಡುತ್ತದೆ. ಗಂಜಿ ಕುಡಿದರೂ ಮೂಗಲ್ಲಿ ಇಳಿಯುತ್ತದೆ. ಆ ತೂತು ಮುಚ್ಚುವ ಸೆಟ್ಟಿಗೆ ಆಬ್ಟುರೇಟರ್ ಅನ್ನುತ್ತೇವೆ. ಆಪರೇಷನ್ ದಿನವೇ ಹಾಕುವುದೊಂದು, ಗಾಯ ಮಾಗುವ ತಿಂಗಳುಗಳಿಗೆ ಒಂದು, ಕೊನೆಯದೊಂದು. ಕೊನೆಯದರಲ್ಲಿ ತೂತಿನೊಳಗೆ ಕೂರುವ ಉಬ್ಬು ಭಾಗವನ್ನು ಒಳಗೆ ಟೊಳ್ಳು ಮಾಡಬೇಕು, ಇಲ್ಲದಿದ್ದರೆ ಅದರ ಭಾರಕ್ಕೇ ಜಾರಿ ಬೀಳುತ್ತದೆ. ಇಂಥ ಕೇಸು ಒಂದು ಊರಿನಲ್ಲಿ ಅಪರೂಪಕ್ಕೆ ಬರುವಂಥದ್ದು. ಒಬ್ಬರು ಮಾಡಿ ನೋಡಿದ್ದನ್ನು ಜರ್ನಲ್ಲಿನಲ್ಲೋ ಸಮ್ಮೇಳನದಲ್ಲೋ ಹೇಳದಿದ್ದರೆ ಮುಂದಿನ ಊರಿನ ಡಾಕ್ಟ್ರು ಮತ್ತೆ ಮೊದಲಿಂದ ತಡಕಾಡಬೇಕು. ಸಂಘದ ಕೆಲಸ ಏನು ಅಂದರೆ ನಾನು ಮೊದಲು ತೋರಿಸುವುದು ಇದನ್ನೇ.

ಕೊರತೆಯೂ ಇದೆ. ನಮ್ಮ ಮಾತೆಲ್ಲ ನಮ್ಮೊಳಗೇ. ತಾಲೂಕು ಊರುಗಳಲ್ಲಿ ಸೆಟ್ ಮಾಡಿಕೊಡುವುದು ಹೆಚ್ಚಾಗಿ ಬಿಡಿಎಸ್ ಡಾಕ್ಟ್ರು, ಅದು ಕಾನೂನಿನ ಪ್ರಕಾರವೂ ಸರಿ. ಸೆಟ್ಟಿನ ಪ್ಲಾಸ್ಟಿಕ್ಕಾದ ಅಕ್ರಿಲಿಕ್ ಬೇಯಿಸಿ ತಿಕ್ಕಿ ಹೊಳಪು ಕೊಡುವುದು ಲ್ಯಾಬ್ ಟೆಕ್ನಿಷಿಯನ್. ಇವರಿಬ್ಬರೂ ಹೊರಗೆ ನಿಂತಿರುವಾಗ ನಾವು ಒಳಗೆ ಕೂತು ಎಷ್ಟು ಚೆನ್ನಾಗಿ ಒಪ್ಪಿಕೊಂಡರೂ ರೋಗಿಯ ಬಾಯಿಗೆ ಅದು ತಲುಪುವುದು ಅರ್ಧ ಮಾತ್ರ. ಶಾಖೆಗಳು ಜಿಲ್ಲೆ ಮಟ್ಟದಲ್ಲಿ ಇವರಿಗೂ ಬಾಗಿಲು ತೆಗೆಯಲಿ, ಕನ್ನಡದಲ್ಲೇ ಹೇಳಲಿ ಅಂತ ನನ್ನ ಹಟ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಒಂದಿದೆ. ಸೆಟ್ ಮಾಡಿಸುವಾಗ ಮೇಣದಲ್ಲಿ ಹಲ್ಲು ಜೋಡಿಸಿ ತೋರಿಸುವ ದಿನ ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಅವತ್ತು ಒಬ್ಬರೇ ಹೋಗಬೇಡಿ, ಮಗಳನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗಿ, ಹಲ್ಲಿದ್ದ ಕಾಲದ ಒಂದು ಫೋಟೋನೂ ಇರಲಿ. ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು ನಗಿ, ಮಾತಾಡಿ. ಹಲ್ಲು ದಪ್ಪವಾಯಿತು, ಬಿಳಿ ಜಾಸ್ತಿಯಾಯಿತು, ತುಟಿ ಉಬ್ಬಿದೆ ಅನ್ನಿಸಿದರೆ ಸಂಕೋಚ ಬಿಟ್ಟು ಆಗಲೇ ಹೇಳಿ. ಮೇಣದಲ್ಲಿರುವಾಗ ಒಂದೊಂದು ಹಲ್ಲನ್ನೂ ಕಿತ್ತು ಮತ್ತೆ ಕೂರಿಸಲು ನಮಗೆ ಅರ್ಧ ಗಂಟೆ ಸಾಕು, ಅಕ್ರಿಲಿಕ್ ಆದ ಮೇಲೆ ಹೇಳಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗಬಹುದು.